ಡೇರೆಯ ತುದಿ

ನಾನು ಮದುವೆಯಾಗಿ ಸಾಲಗಾಮೆಗೆ ಬಂದದ್ದು 1978ರ ಬೇಸಿಗೆಯಲ್ಲಿ. ಹೊಳೆನರಸೀಪುರದವಳಾದ ನನಗೆ ಹೂವೆಂದರೆ ಮಲ್ಲಿಗೆ, ಕನಕಾಂಬರ, ಹೆಚ್ಚೆಂದರೆ ಸೇವಂತಿಗೆ. ಅತ್ತೆಯವರು ಹಿತ್ತಲು ತೋರಿಸುತ್ತಾ "ಇಲ್ಲಿ ಡೇರೆ ಹಾಕ್ತೀನಿ" ಎಂದಾಗ, ಡೇರೆ ಎಂದರೆ ಗುಡಾರವಲ್ಲವೇ, ಹಿತ್ತಲಲ್ಲಿ ಅದೇಕೆ ಎಂದುಕೊಂಡೆ. ಪುಸ್ತಕದ ಡೇಲಿಯಾ ಮಲೆನಾಡಿನ ಹೆಂಗಸರ ಬಾಯಲ್ಲಿ ಡೇರೆ. ಅತ್ತೆಯ ತವರು ಸಕಲೇಶಪುರದ ಕಡೆ. ಗಡ್ಡೆಗಳು ಅಲ್ಲಿಂದ ಅವರ ಮಡಿಲಕ್ಕಿಯ ಜೊತೆಗೇ ಬಂದಿದ್ದವಂತೆ.

ಮೊದಲ ವರ್ಷವೇ ನಾನೊಂದು ಎಡವಟ್ಟು ಮಾಡಿದೆ. ಹಾಸನದ ಸೀಮೆಯಲ್ಲಿ ಆಲೂಗಡ್ಡೆ ಬಿತ್ತನೆ ಯಾರಿಗೆ ಗೊತ್ತಿಲ್ಲ? ಹೋಳಿಗೊಂದು ಕಣ್ಣು ಉಳಿಯುವ ಹಾಗೆ ಕತ್ತರಿಸಿ ಹಾಕುವುದು. ಗಡ್ಡೆ ತಾನೆ ಎಂದು ಡೇರೆಯನ್ನೂ ಹಾಗೆಯೇ ಹೋಳು ಮಾಡಿ ನೆಟ್ಟೆ. ಒಂದೂ ಮೊಳೆಯಲಿಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಗೆ ಕಣ್ಣಿರುವುದು ಕುತ್ತಿಗೆಯಲ್ಲಿ ಮಾತ್ರ, ಹಳೆಯ ಕಾಂಡಕ್ಕೆ ಗಡ್ಡೆ ಅಂಟಿಕೊಂಡ ಜಾಗದಲ್ಲಿ. ಆ ಕುತ್ತಿಗೆಯ ಚೂರಿಲ್ಲದ ಗಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಕೊಳೆಯುವುದೇ. ಅತ್ತೆ ಬೈಯಲಿಲ್ಲ. ಉಳಿದ ಗಡ್ಡೆಗಳನ್ನು ಮಾತ್ರ ನನ್ನ ಕೈಗೆ ಸಿಗದಂತೆ ಅಟ್ಟಕ್ಕೆ ಏರಿಸಿದರು.

ಗಿಡ ಒಂದಡಿ ಎತ್ತರವಾಗಿ ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ಅವರು ಬೆಳಗಿನ ಹೊತ್ತು ಹಿತ್ತಲಿಗೆ ಇಳಿಯುತ್ತಿದ್ದರು. ನಡುವಿನ ಎಳೆಯ ತುದಿಯನ್ನು ಉಗುರಿನಿಂದ ಪಟ್ಟನೆ ಚಿವುಟಿ ಎಸೆಯುತ್ತಿದ್ದರು. ನೋಡಲಾರದೆ ಕೇಳಿದರೆ, "ತಲೆ ಎಲ್ಲಾನೂ ತಾನೇ ತಿಂದುಬಿಡುತ್ತೆ ಕಣೆ, ಕಂಕುಳಿಗೆ ಏನೂ ಸಿಗಲ್ಲ" ಎಂದರು. ಎಂಟು ಹತ್ತು ದಿನಕ್ಕೆ ಎಲೆಯ ಕಂಕುಳುಗಳಿಂದ ಚಿಗುರು ಇಣುಕುತ್ತಿತ್ತು. ಒಂದು ಕಾಂಡವಿದ್ದಲ್ಲಿ ಆರು ಎಂಟು. ಹೂವು ಎರಡು ಮೂರು ವಾರ ತಡ, ಆದರೆ ದಸರಾ ಹೊತ್ತಿಗೆ ಗಿಡವೇ ಕಾಣದಷ್ಟು.

ಈ ಹೂವಿನ ಚರಿತ್ರೆಯನ್ನು ನಾನು ಓದಿಕೊಂಡದ್ದು ಬಹಳ ತಡವಾಗಿ, ಹಾಸನಕ್ಕೆ ಮನೆ ಬದಲಿಸಿದ ಮೇಲೆ. ಇದರ ತವರು ಮೆಕ್ಸಿಕೋದ ಬೆಟ್ಟಗಳು. 1789ರಲ್ಲಿ ಮೆಕ್ಸಿಕೋ ನಗರದ ಸಸ್ಯೋದ್ಯಾನದ ವಿಸೆಂಟೆ ಸೆರ್ವಾಂಟೆಸ್ ಕಳಿಸಿದ ಬೀಜ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಹೂ ಬಿಟ್ಟಿತು. 1791ರಲ್ಲಿ ಕವಾನಿಲೆಸ್ ಎಂಬ ಪಾದ್ರಿ ವಿದ್ವಾಂಸ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್‌ನ ಹೆಸರಿಟ್ಟ. ಡಾಲ್ 1789ರ ಮೇ ತಿಂಗಳಲ್ಲೇ ತೀರಿಕೊಂಡಿದ್ದ, ತನ್ನ ಹೆಸರಿನ ಹೂವನ್ನು ಅವನು ನೋಡಲೇ ಇಲ್ಲ. ಅದೇ 1791ರಲ್ಲಿ ಇಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಬೆಂಗಳೂರು ಕೋಟೆಯನ್ನು ಕಿತ್ತುಕೊಂಡಿತು. ಯುರೋಪಿನಲ್ಲಿ ಮೊದಮೊದಲು ಡೇರೆ ಗಡ್ಡೆಯನ್ನು ಆಲೂಗಡ್ಡೆಯಂತೆ ತಿನ್ನಲೂ ನೋಡಿದರಂತೆ, ರುಚಿಸಲಿಲ್ಲ. ಒಳ್ಳೆಯದೇ ಆಯಿತು.

ನಮ್ಮ ಕಡೆ ತೋಟಗಾರಿಕೆಗೆ ದೊಡ್ಡ ಹೆಸರು ಜರ್ಮನಿಯ ಕೃಂಬಿಗಲ್ ಅವರದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳನ್ನು ನೀವೂ ನೋಡಿರುತ್ತೀರಿ. ಪ್ರದರ್ಶನಕ್ಕೆ ಡೇರೆ ಬೆಳೆಸುವವರ ರೀತಿ ಬೇರೆ. ಪಕ್ಕದ ಮೊಗ್ಗುಗಳನ್ನೆಲ್ಲ ಕಿತ್ತು ಕೊಂಬೆಗೊಂದನ್ನೇ ಉಳಿಸುತ್ತಾರೆ, ಊಟದ ತಟ್ಟೆಯಷ್ಟು ಅಗಲದ ಹೂವಿಗೆ ಬಹುಮಾನ. ಅತ್ತೆಗೆ ಬೇಕಾಗಿದ್ದದ್ದು ದೇವರಿಗೆ, ಮುಡಿಗೆ, ಬಂದವರ ಕೈಗೊಂದರಂತೆ ಕೊಡಲಿಕ್ಕೆ ಹೂವು. ಅವರ ಚರಿತ್ರೆಯಲ್ಲಿ ಕವಾನಿಲೆಸನೂ ಇಲ್ಲ, ಕೃಂಬಿಗಲ್ಲೂ ಇಲ್ಲ. ಕೆಂಪು ಗಡ್ಡೆ ಚಿಕ್ಕಮ್ಮ ಕೊಟ್ಟದ್ದು, ಬಿಳಿಯದು ನಾದಿನಿಯ ಬಸಿರಿನೂಟಕ್ಕೆ ಹೋದಾಗ ತಂದದ್ದು. ಮಲೆನಾಡಿನ ಹಿತ್ತಿಲುಗಳಲ್ಲಿ ಡೇರೆ ಹರಡಿದ್ದು ಹೀಗೆ ಸೆರಗಿನ ಗಂಟಿನಲ್ಲಿ. ಅದನ್ನು ಯಾರೂ ದಾಖಲೆ ಪುಸ್ತಕದಲ್ಲಿ ಬರೆದಿಡಲಿಲ್ಲ.

ತುದಿ ಕಿತ್ತರೆ ಪಕ್ಕ ಒಡೆಯುವುದೇಕೆ ಎಂಬುದಕ್ಕೂ ಒಂದು ಕಥೆಯಿದೆ. 1933ರಲ್ಲಿ ಅಮೆರಿಕದ ತೀಮನ್ ಮತ್ತು ಸ್ಕೂಗ್ ಎಂಬಿಬ್ಬರು ಅವರೆಯ ಜಾತಿಯ ಗಿಡದ ತುದಿ ಕತ್ತರಿಸಿ, ಆ ಗಾಯಕ್ಕೆ ಆಕ್ಸಿನ್ ಎಂಬ ಸಸ್ಯರಸವನ್ನು ಇಟ್ಟು ನೋಡಿದರು. ಪಕ್ಕದ ಮೊಗ್ಗುಗಳು ಏಳಲೇ ಇಲ್ಲ. ಹಾಗಾಗಿ ತುದಿಯಿಂದ ಇಳಿಯುವ ಆ ರಸವೇ ಕೆಳಗಿನವನ್ನು ಮಲಗಿಸುತ್ತದೆ ಎಂದು ಬಹುಕಾಲ ನಂಬಿದ್ದರು. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಆಸ್ಟ್ರೇಲಿಯಾದ ಪ್ರಯೋಗ ಬೇರೆಯದನ್ನು ಹೇಳಿತು. ಬೆಳೆಯುವ ತುದಿ ಸಕ್ಕರೆಯನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ, ಅದು ಹೋದೊಡನೆ ಸಕ್ಕರೆ ಕಂಕುಳ ಮೊಗ್ಗುಗಳಿಗೆ ಹರಿದು ಅವು ಏಳುತ್ತವೆ, ಆಕ್ಸಿನ್ನಿನ ಪಾತ್ರ ಆಮೇಲಿನದು. ಅದನ್ನು ಓದಿದ ದಿನ ಅತ್ತೆ ಇರಬೇಕಿತ್ತು ಅನ್ನಿಸಿತು.

ಇದೇ ವಿದ್ಯೆ ಅರಕಲಗೂಡು ಕಡೆಯ ತಂಬಾಕು ಹೊಲದಲ್ಲಿ ತಲೆಕೆಳಗು. ಅಲ್ಲಿ ಎಲೆ ದಪ್ಪವಾಗಲೆಂದು ಹೂವಿನ ತಲೆ ಮುರಿಯುತ್ತಾರೆ. ಕಂಕುಳಲ್ಲಿ ಚಿಗುರು ಬಂದರೆ ಅದನ್ನೂ ಬಿಡುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ಅತ್ತೆ ಮೊದಲೆಲ್ಲ "ಕುಡಿ ಚಿವುಟು" ಎನ್ನುತ್ತಿದ್ದರು. ನಮ್ಮಲ್ಲಿ ಚಿಗುರೂ ಕುಡಿಯೇ, ವಂಶದ ಮಗುವೂ ಕುಡಿಯೇ. 1981ರ ಮುಂಗಾರಿನಲ್ಲಿ ನನಗೆ ಐದು ತಿಂಗಳು ತುಂಬಿ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಮೂರನೆಯ ವಾರ ಹಿತ್ತಲಿನಿಂದ ಅವರು ಕೂಗಿದರು: "ಬಾರೆ, ಗಿಡ ಎದ್ದಿದೆ, ಕು..." ಅಲ್ಲಿಗೇ ನಿಂತಿತು. ಒಂದು ಗಳಿಗೆ ಬಿಟ್ಟು, "ತುದಿ ತೆಗೀಬೇಕು" ಎಂದರು. ನಾನು ಹೋದೆ, ಕೈ ಏಳಲಿಲ್ಲ. ಅವರೇ ಎಲ್ಲ ಗಿಡಗಳನ್ನೂ ಚಿವುಟುತ್ತಾ ಬಂದು, ನಾನು ನಿಂತಿದ್ದ ಜಾಗದ ಒಂದನ್ನು ಹಾಗೆಯೇ ಬಿಟ್ಟು ಮುಂದೆ ಹೋದರು. ಆ ಗಿಡ ಎದೆಯೆತ್ತರ ಬೆಳೆಯಿತು. ಎಲ್ಲಕ್ಕಿಂತ ಮೊದಲು ಹೂ ಬಿಟ್ಟಿತು, ದೊಡ್ಡದಾಗಿಯೇ ಬಿಟ್ಟಿತು. ಅತ್ತೆ ಅದಕ್ಕೊಂದು ಕೋಲು ಕಟ್ಟಿದರು. ಹೂವನ್ನು ಕೀಳಲಿಲ್ಲ.

ಆಮೇಲೆ ಅವರ ಬಾಯಲ್ಲಿ ನಾನು ಆ ಶಬ್ದ ಕೇಳಲೇ ಇಲ್ಲ. ಕುಂಬಳದ ಕುಡಿಯ ಪಲ್ಯವನ್ನು ಕೂಡ "ಕುಂಬಳದ ಎಳೆಸೊಪ್ಪು" ಅನ್ನುತ್ತಿದ್ದರು. ಇದು ನನ್ನ ಗಮನಕ್ಕೆ ಬಂದದ್ದು ಮಗಳು ಹುಟ್ಟಿ, ಅವಳು ಶಾಲೆಗೆ ಹೋಗುವ ಕಾಲಕ್ಕೆ. ಕೇಳೋಣವೆಂದುಕೊಂಡು ಕೇಳದೆಯೇ ಉಳಿದೆ.

ಈಗ ಹಾಸನದಲ್ಲಿ ನನ್ನ ಡೇರೆಗಳು ಕುಂಡಗಳಲ್ಲಿವೆ, ಅದೇ ಗಡ್ಡೆಯ ಸಂತಾನ. ಮಗಳು ಮೂರನ್ನು ಬೆಂಗಳೂರಿಗೆ ಒಯ್ದಿದ್ದಾಳೆ, ಕುತ್ತಿಗೆ ಸಮೇತ. ಮೊನ್ನೆ ಫೋನಿನಲ್ಲಿ, "ಅಮ್ಮಾ, ತುದಿ ಯಾವಾಗ ಚಿವುಟೋದು?" ಎಂದಳು. ಎಲೆ ಎಷ್ಟು ಜೊತೆ ಇವೆ ಎಂದು ಕೇಳಿದೆ. ಎರಡು ಎಂದಳು. ಇನ್ನೊಂದು ವಾರ ಬಿಡು ಎಂದೆ.