ಟಪ್ಪಾಲಿನಲ್ಲಿ ಬಂದ ಬಲೆ

1829ರಲ್ಲಿ ಮದ್ರಾಸಿನಲ್ಲಿ ಚದುರಂಗದ ಬಗ್ಗೆ ಒಂದು ಪುಸ್ತಕ ಅಚ್ಚಾಯಿತು. ಮದ್ರಾಸಿಗೂ ಹೈದರಾಬಾದಿಗೂ ನಡುವೆ ಕಾಗದದ ಮೂಲಕ ನಡೆದ ಎರಡು ಆಟಗಳು, ಅವುಗಳ ಮೇಲಿನ ಟಿಪ್ಪಣಿ, ಜೊತೆಗೆ ಮ್ಯೂಜಿಯೊ ಗ್ಯಾಂಬಿಟ್ ಎಂಬ ಒಂದೇ ಒಂದು ಆರಂಭದ ವಿಶ್ಲೇಷಣೆ, ಇಷ್ಟು ಅದರ ಹೂರಣ. ಬರೆದವರು ಇಬ್ಬರು. ಒಬ್ಬರು ಮದ್ರಾಸಿನ ಕಡೆಯ ಆಟವನ್ನು ನಡೆಸಿದ ಗುಲಾಂ ಕಾಸಿಂ, ಇನ್ನೊಬ್ಬರು ಮದ್ರಾಸ್ ಸಿವಿಲ್ ಸರ್ವಿಸಿನ ಜೇಮ್ಸ್ ಕಾಕ್ರೇನ್. ಒಂದೇ ಆರಂಭವನ್ನು ಹಿಡಿದು ಪುಸ್ತಕ ಬರೆಯುವುದು ಆಗ ಯುರೋಪಿನಲ್ಲೂ ಅಪರೂಪ.

ಹೈದರಾಬಾದಿನಲ್ಲಿ ಹೊಟ್ಟೆಪಾಡು ನಡೆಸುತ್ತಿರುವ ನಮ್ಮಂಥವರಿಗೆ ಈ ಪುಸ್ತಕ ಎರಡು ಕಾರಣಕ್ಕೆ ಹತ್ತಿರದ್ದು. ಕಲಬುರಗಿ, ಬೀದರ್, ರಾಯಚೂರಿನವರಿಗೆ 1956ರವರೆಗೂ ಈ ಊರೇ ರಾಜಧಾನಿಯಾಗಿತ್ತು. ಹಾಗಾಗಿ ಇಲ್ಲಿನ ಹಳೆಯ ಕತೆ ಅಷ್ಟೇನೂ ಪರವೂರಿನ ಕತೆಯಲ್ಲ. ಎರಡನೆಯದು, ಇವತ್ತು ಮೆಟ್ರೊದಲ್ಲಿ ಫೋನ್ ಹಿಡಿದು ಮೂರು ನಿಮಿಷದ ಆಟ ಆಡುವವರು, ಮಕ್ಕಳನ್ನು ಭಾನುವಾರ ಚೆಸ್ ಕ್ಲಾಸಿಗೆ ಬಿಡುವವರು, ಎಲ್ಲರೂ ಕೇಳುವ ಪ್ರಶ್ನೆಗೆ ಅದು ಆಗಲೇ ಕೈ ಹಾಕಿತ್ತು: ಬಿಳಿಯ ಕಡೆಯವನು ಮೊದಲ ಹತ್ತು ನಡೆಯೊಳಗೆ ಹೂಡುವ ಬಲೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಮ್ಯೂಜಿಯೊ ಎಂದರೆ ಏನು ಎಂದು ಸ್ವಲ್ಪ ನೋಡೋಣ. ಬಿಳಿ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ತಳ್ಳುತ್ತದೆ, ಕಪ್ಪು ಇ5ಕ್ಕೆ. ಬಿಳಿ ಎಫ್4ರಲ್ಲಿ ಇನ್ನೊಂದು ಕಾಲಾಳನ್ನು ತಿನ್ನಲು ಒಡ್ಡುತ್ತದೆ, ಕಪ್ಪು ತಿನ್ನುತ್ತದೆ. ಬಿಳಿಯ ಕುದುರೆ ಎಫ್3ಕ್ಕೆ ಬರುತ್ತದೆ. ಗಳಿಸಿದ್ದನ್ನು ಉಳಿಸಿಕೊಳ್ಳಲು ಕಪ್ಪು ಜಿ5 ಆಡುತ್ತದೆ. ಬಿಳಿಯ ಒಂಟೆ ಸಿ4ಕ್ಕೆ. ಈಗ ಕಪ್ಪು ಜಿ4 ಆಡಿ ಕುದುರೆಯನ್ನು ಬೆದರಿಸುತ್ತದೆ. ಬುದ್ಧಿವಂತರು ಯಾರಾದರೂ ಕುದುರೆಯನ್ನು ಎತ್ತಿಕೊಂಡು ಓಡುತ್ತಾರೆ. ಮ್ಯೂಜಿಯೊದಲ್ಲಿ ಬಿಳಿ ಅದರ ಗೊಡವೆಗೇ ಹೋಗದೆ ಕೋಟೆ ಕಟ್ಟಿಕೊಳ್ಳುತ್ತದೆ. ಕುದುರೆ ಹೋಯಿತು. ಮಂತ್ರಿ ಎಫ್3ಕ್ಕೆ ಬಂದು ನಿಂತಾಗ ನೋಡಿದರೆ ಬಿಳಿಯ ಆನೆ, ಮಂತ್ರಿ, ಒಂಟೆ ಮೂರರ ಕಣ್ಣೂ ಎಫ್7ರ ಮೇಲೆ. ಆಟ ಶುರುವಾಗುವಾಗ ರಾಜನೊಬ್ಬನೇ ಕಾಯುವ ಮನೆ ಅದು. ಕಪ್ಪಿನ ದಂಡೋ, ಇನ್ನೂ ಲಾಯದಲ್ಲೇ ಇದೆ.

ಕೋಟೆ ಕಟ್ಟುವ ಬದಲು ಅದೇ ಹೊತ್ತಿಗೆ ಡಿ4 ತಳ್ಳುವ ಇನ್ನೊಂದು ದಾರಿಯೂ ಉಂಟು. ಅದಕ್ಕೆ ಇಂದಿಗೂ ಗುಲಾಂ ಕಾಸಿಂ ಅವರ ಹೆಸರೇ ಇದೆ.

ನನಗೆ ಮುಖ್ಯವಾಗಿ ಕಾಣುವುದು ಈ ಆಟಗಳು ಕಾಗದದ ಮೇಲೆ ನಡೆದವು ಎನ್ನುವುದು. ಮದ್ರಾಸಿನಿಂದ ಹೈದರಾಬಾದಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ, ರೈಲು ಇನ್ನೂ ಬಂದಿರಲಿಲ್ಲ. ಒಂದು ನಡೆ ಟಪ್ಪಾಲಿನಲ್ಲಿ ಹೋಗಿ ಅದರ ಉತ್ತರ ಬರುವಷ್ಟರಲ್ಲಿ ಎದುರಾಳಿ ಹಲಗೆ ಹಾಸಿಕೊಂಡು, ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು, ಪ್ರತಿ ಕವಲನ್ನೂ ತಿರುವಿ ನೋಡಬಹುದು. ಆತುರ, ಗಾಬರಿ, ಕೈತಪ್ಪು ಇವೆಲ್ಲ ಅಲ್ಲಿ ಬಹಳ ಕಡಿಮೆ. ಬಲೆಯೊಂದು ಬರೀ ಬಲೆಯೋ, ಒಳಗೆ ಸತ್ವವಿರುವ ಆಟವೋ ಎಂದು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲು ಇಲ್ಲ. ಮ್ಯೂಜಿಯೊವನ್ನು ಇಂದಿನ ಎಂಜಿನ್‌ಗಳ ಮುಂದಿಟ್ಟರೆ ಅವು ಕಪ್ಪಿನ ಕಡೆಗೇ ವಾಲುತ್ತವೆ, ಆದರೆ ಕಪ್ಪು ಒಂದರ ಮೇಲೊಂದು ನಿಖರವಾದ ನಡೆ ಹುಡುಕಬೇಕು. ಮೂರು ನಿಮಿಷದ ಆಟದಲ್ಲಿ ಅದನ್ನು ಹುಡುಕುವವರು ಎಷ್ಟು ಜನ?

(ಇದೇ ಹೊತ್ತಿಗೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಹಲಗೆಯಲ್ಲಿ ಬೇರೆಯದೇ ವಿನೋದಕ್ಕೆ ತೊಡಗಿದ್ದರು. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಪಯಣಗಳನ್ನು ಅವರು ರಚಿಸಿದರು. ಎದುರಾಳಿಯೇ ಇಲ್ಲದ ಕಡೆ ಬಲೆಯ ಮಾತೂ ಇಲ್ಲ.)

ಬಲೆಗಳ ಮೂಲಪುರುಷ ಎನ್ನಬಹುದಾದದ್ದು ಲೆಗಾಲ್ ಬಲೆ, 18ನೇ ಶತಮಾನದ ಪ್ಯಾರಿಸಿನದು. ಕಪ್ಪಿನ ಒಂಟೆ ಜಿ4ರಲ್ಲಿ ನಿಂತು ಬಿಳಿಯ ಕುದುರೆಯನ್ನು ಮಂತ್ರಿಗೆ ಕಟ್ಟಿಹಾಕಿದೆ ಎಂದು ತಿಳಿದಿರುತ್ತದೆ. ಬಿಳಿ ಕಟ್ಟು ಬಿಚ್ಚಿಕೊಂಡಂತೆ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಆಸೆಗೆ ಬಿದ್ದು ಮಂತ್ರಿಯನ್ನು ತಿಂದರೆ ಒಂದು ಒಂಟೆ, ಎರಡು ಕುದುರೆ ಸೇರಿ ರಾಜನನ್ನು ಹಲಗೆಯ ನಡುವೆಯೇ ಚೆಕ್‌ಮೇಟ್ ಮಾಡುತ್ತವೆ. ನೋಡಲು ಚಂದ. ಆದರೆ ಕಪ್ಪಿನ ಕುದುರೆ ಅಷ್ಟರಲ್ಲಿ ಸಿ6ಕ್ಕೆ ಬಂದಿದ್ದರೆ ಕತೆ ಬೇರೆ. ಅದು ಮಂತ್ರಿಯ ಕಡೆ ನೋಡದೆ ಇ5ರ ಕುದುರೆಯನ್ನೇ ತಿನ್ನುತ್ತದೆ, ಜಿ4ರ ಒಂಟೆಗೂ ಕಾವಲಾಗುತ್ತದೆ. ಬಿಳಿಗೆ ಒಂದು ಕುದುರೆ ನಷ್ಟ, ಬಲೆ ಹರಿಯಿತು. ಅದೇ ಬಿಳಿ ಮೊದಲು ಎಚ್3 ಆಡಿ ಒಂಟೆಯನ್ನು ಎಚ್5ಕ್ಕೆ ಅಟ್ಟಿ, ಆಮೇಲೆ ಹೊಡೆದರೆ? ಕಪ್ಪಿನ ಕುದುರೆ ಇ5ರಲ್ಲಿ ತಿನ್ನುತ್ತದೆ, ಬಿಳಿಯ ಮಂತ್ರಿ ಎಚ್5ರ ಒಂಟೆಯನ್ನು ತಿನ್ನುತ್ತದೆ, ಕಪ್ಪಿನ ಕುದುರೆ ಸಿ4ರ ಒಂಟೆಯನ್ನು ತಿನ್ನುತ್ತದೆ, ಮಂತ್ರಿ ಬಿ5ರಿಂದ ಚೆಕ್ ಕೊಟ್ಟು ಆ ಕುದುರೆಯನ್ನು ವಾಪಸು ಪಡೆಯುತ್ತದೆ. ಕೊನೆಗೆ ಬಿಳಿಗೆ ಒಂದು ಕಾಲಾಳು ಲಾಭ. ಒಂದೇ ಒಂದು ಎಚ್3ರ ವ್ಯತ್ಯಾಸ. ಮೊದಲನೆಯದು ಎದುರಾಳಿಯ ದಡ್ಡತನದ ಮೇಲೆ ಕಟ್ಟಿದ ಜೂಜು, ಎರಡನೆಯದು ಅವನು ಜಾಣನಾದರೂ ನಿಲ್ಲುವ ಆಟ. ಕ್ಲಾಸುಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕಲಿಸುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದ ಹಳೆಯ ನಿಯಮಗಳಲ್ಲಿ ಇಂಥ ಮಿಂಚಿನ ಬಲೆಗಳಿಗೆ ಜಾಗವೇ ಕಡಿಮೆಯಿತ್ತು. ಕಾಲಾಳು ಸಾಮಾನ್ಯವಾಗಿ ಒಂದೊಂದೇ ಮನೆ ನಡೆಯುತ್ತಿತ್ತು, ಇಂದಿನಂತೆ ಆನೆ ಸೇರಿಸಿ ಕೋಟೆ ಕಟ್ಟುವುದಿರಲಿಲ್ಲ. ಆಟ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿತ್ತು. 1848ರ ಹೊತ್ತಿಗೆ ಕಲ್ಕತ್ತಾದಲ್ಲಿ ವಕೀಲ ಜಾನ್ ಕಾಕ್ರೇನ್ (ಮದ್ರಾಸಿನ ಜೇಮ್ಸ್ ಬೇರೆ, ಇವರು ಬೇರೆ) ಎದುರು ಕೂತ ಮಹೇಶ್ಚಂದ್ರ ಬ್ಯಾನರ್ಜಿ ಬಂಗಾಳದ ಹಳ್ಳಿಗಾಡಿನವರು, ಈ ನಿಧಾನದಲ್ಲೇ ಪಳಗಿದವರು. ಕಾಲಾಳುಗಳನ್ನು ಒಂದೊಂದು ಮನೆ ಸರಿಸಿ, ಒಂಟೆಯನ್ನು ಮೂಲೆಯ ಪಕ್ಕದಿಂದ ಉದ್ದಕ್ಕೆ ನೋಡಲು ಬಿಡುವ ಅವರ ಪದ್ಧತಿಯ ದೆಸೆಯಿಂದಲೇ ‘ಇಂಡಿಯನ್ ಡಿಫೆನ್ಸ್’ ಎಂಬ ಮಾತು ಹುಟ್ಟಿತು. ಹೆಚ್ಚು ಆಟ ಗೆದ್ದವರು ಕಾಕ್ರೇನೇ. ಆದರೆ 20ನೇ ಶತಮಾನದಲ್ಲಿ ಜಗತ್ತಿನ ದೊಡ್ಡ ಆಟಗಾರರು ನೆಚ್ಚಿಕೊಂಡದ್ದು ಬ್ಯಾನರ್ಜಿಯವರ ರೀತಿಯ ವ್ಯೂಹಗಳನ್ನು. ಬಲೆಗೆ ತಕ್ಕ ಉತ್ತರ ಇನ್ನೊಂದು ಬಲೆಯೇ ಆಗಬೇಕಿಲ್ಲ, ಸುಮ್ಮನೆ ಅದರ ದಾರಿಗೆ ಹೋಗದಿದ್ದರೂ ಆಯಿತು.

ಕಾಕ್ರೇನ್ ಅವರ ಮೇಲೂ ಬ್ಯಾನರ್ಜಿ ಬೇರೆ ಬೇರೆ ಆರಂಭ ಪ್ರಯೋಗಿಸಿದರು. ಅವುಗಳಲ್ಲಿ ಪೆಟ್ರೋಫ್ ಒಂದು. ಅಲ್ಲಿ ನಾಲ್ಕನೇ ನಡೆಗೇ ಕಾಕ್ರೇನ್ ಕುದುರೆಯನ್ನು ಎಫ್7ಕ್ಕೆ ನುಗ್ಗಿಸಿ ಎರಡು ಕಾಲಾಳಿಗೆ ಬಲಿಕೊಟ್ಟರು. ಕಲ್ಕತ್ತಾದ ಆ ಹುಚ್ಚು ನಡೆಯನ್ನು ಒಂದೂವರೆ ಶತಮಾನದ ಮೇಲೆ, 1999ರಲ್ಲಿ, ಸ್ಪೇನಿನ ಲಿನಾರೆಸ್‌ನಲ್ಲಿ ಟೊಪಾಲೊವ್ ಅವರು ಕ್ರಾಮ್ನಿಕ್ ಎದುರು ಆಡಿದರು. ಆಟ ಡ್ರಾ ಆಯಿತು.

ಇದೇ ಪೆಟ್ರೋಫ್‌ನಲ್ಲಿ ನಮ್ಮ ವಿಶ್ವನಾಥನ್ ಆನಂದ್ ಅವರೂ ಸಿಕ್ಕಿಬಿದ್ದಿದ್ದಾರೆ. 1988, ಸ್ವಿಟ್ಜರ್ಲೆಂಡಿನ ಬೀಲ್. ಆ ವರ್ಷವೇ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ ಆನಂದ್, ಕೊಲಂಬಿಯಾದ ಜಪಾಟಾ ಎದುರು ಐದನೇ ನಡೆಗೆ ಒಂಟೆಯನ್ನು ಎಫ್5ಕ್ಕೆ ತಂದರು. ಜಪಾಟಾ ಮಂತ್ರಿಯನ್ನು ಇ2ಕ್ಕೆ ಸರಿಸಿದರು. ಇ4ರಲ್ಲಿದ್ದ ಕಪ್ಪು ಕುದುರೆ ರಾಜನಿಗೆ ಅಂಟಿಕೊಂಡು ಅಲ್ಲಾಡದಂತಾಯಿತು, ಮುಂದೆ ಡಿ3 ಬಂದರೆ ಅದು ಹೋಯಿತು. ಆರನೇ ನಡೆಗೆ ಆಟ ಮುಗಿಯಿತು. ಆನಂದ್ ಆ ನಡೆಯನ್ನು ಗಾಳಿಯಲ್ಲಿ ಹುಡುಕಿದ್ದಲ್ಲ. ಹಿಂದಿನ ವರ್ಷ ಮೈಲ್ಸ್ ಮತ್ತು ಕ್ರಿಸ್ಟಿಯನ್ಸನ್ ನಡುವಿನ ಆಟದಲ್ಲಿ ಕಪ್ಪು ಅದೇ ನಡೆ ಆಡಿ ಡ್ರಾ ಪಡೆದಿತ್ತು. ಅಲ್ಲಿ ಮೈಲ್ಸ್ ಇ2 ಆಡಲಿಲ್ಲ, ಅಷ್ಟೇ. ಜಪಾಟಾ ಬಲೆ ಹೂಡಿದ್ದರು ಎನ್ನುವುದಕ್ಕಿಂತ, ದೊಡ್ಡವರ ಹೆಸರು ನಂಬಿದ್ದೇ ಬಲೆಯಾಯಿತು. ಜ್ಞಾನ ಸಿಗದ ಕಾಲದಲ್ಲಿ ಬಲೆಗೆ ಬೀಳುವುದು ಒಂದು ಬಗೆ; ಅರ್ಧ ಜ್ಞಾನ ಎಲ್ಲೆಡೆ ಸಿಗುವ ಕಾಲದಲ್ಲಿ ಬೀಳುವುದು ಇನ್ನೊಂದು ಬಗೆ.

ಒಮ್ಮೆ ಬಿದ್ದವರು ಮತ್ತೆ ಬೀಳುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಅಕಿಬಾ ರುಬಿನ್‌ಸ್ಟೈನ್‌ರಂಥವರು 1928ರಲ್ಲಿ ಯೂವೆ ಎದುರು, 1930ರಲ್ಲಿ ಅಲೆಖಿನ್ ಎದುರು ಒಂದೇ ಗುಂಡಿಗೆ ಎರಡು ಸಲ ಬಿದ್ದರು. ಆ ಬಲೆಗೆ ಅವರ ಹೆಸರೇ ಬಂತು. ಆದರೆ ಅಲ್ಲಿ ಬಿಳಿ ಏನನ್ನೂ ಪಣಕ್ಕೆ ಒಡ್ಡಿರಲಿಲ್ಲ. ಒಳ್ಳೆಯ ನಡೆಗಳನ್ನೇ ಆಡುತ್ತಾ ಹೋಗಿತ್ತು, ಗುಂಡಿ ದಾರಿಯಲ್ಲೇ ಇತ್ತು.

ಬೀಲ್‌ನ ಆರು ನಡೆಗಳ 14 ವರ್ಷದ ನಂತರ, 2002ರ ಅಕ್ಟೋಬರಿನಲ್ಲಿ, ಆನಂದ್ ಇದೇ ಹೈದರಾಬಾದಿನಲ್ಲಿ ಚೆಸ್ ವಿಶ್ವಕಪ್ ಗೆದ್ದರು. ಫೈನಲ್ಲಿನಲ್ಲಿ ಸೋತವರು ಉಜ್ಬೆಕಿಸ್ತಾನದ ಕಸಿಮ್‌ಜಾನೊವ್. ಅದಾದ ಮೇಲೆ ತೆಲುಗು ನಾಡಿನಿಂದ ಹರಿಕೃಷ್ಣ, ಹಂಪಿ, ಹಾರಿಕಾ, ವರಂಗಲ್ಲಿನ ಅರ್ಜುನ್ ಎರಿಗೈಸಿ ಬೆಳೆದ ಪರಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: ಇವರ್ಯಾರ ಹೆಸರೂ ಐದು ನಡೆಯ ಬಲೆಗೆ ಅಂಟಿಕೊಂಡಿಲ್ಲ. ಇತ್ತ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯುವ ಮಕ್ಕಳ ಪಂದ್ಯಗಳಲ್ಲಿ ಮೊದಲ ಎರಡು ಸುತ್ತು ನಾಲ್ಕೇ ನಡೆಯ ಚೆಕ್‌ಮೇಟಿನಿಂದ ಗೆದ್ದ ಮಗು ಮೂರನೇ ಸುತ್ತಿನಲ್ಲಿ, ಮಂತ್ರಿ ಬೇಗ ಹೊರಗೆ ಬಂದು ಎದುರಿನ ಕುದುರೆಗಳ ಕೈಗೆ ಸಿಕ್ಕು ಓಡಾಡುವಾಗ, ಮುಂದೇನು ಎಂದು ತಿಳಿಯದೆ ಅಪ್ಪನ ಕಡೆ ತಿರುಗಿ ನೋಡುತ್ತದೆ. ಅದಕ್ಕೆ ಕಲಿಸಿದ್ದು ನಾಲ್ಕು ನಡೆ ಮಾತ್ರ, ಐದನೆಯದನ್ನು ಯಾರೂ ಹೇಳಿರುವುದಿಲ್ಲ.

ಗುಲಾಂ ಕಾಸಿಂ 1844ರಲ್ಲಿ ತೀರಿಕೊಂಡರು. ಫೋನಿನಲ್ಲಿ ಆಡುವಾಗ ಎದುರಾಳಿ ಜಿ4 ತಳ್ಳಿದ ಮೇಲೆ ನೀವು ಡಿ4 ಆಡಿ ನೋಡಿ, ಹಲಗೆಯ ಪಕ್ಕದಲ್ಲಿ ಅವರ ಹೆಸರು ಮೂಡಬಹುದು. ಕುದುರೆ ಮಾತ್ರ ಹೋಗುತ್ತದೆ.