ಕೆರೆ ಕಟ್ಟಿದವರು, ಕೆರೆ ಕಾದವರು

ಕರ್ನಾಟಕದ ಬಯಲುಸೀಮೆಯ ಬಹುಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆಗಳಿಲ್ಲ. ಮಳೆ ಕೆಲವೇ ತಿಂಗಳು ಸುರಿದು ಇಳಿಜಾರು ಹಿಡಿದು ಓಡಿಹೋಗುತ್ತದೆ. ಆ ನೀರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿಕೊಂಡದ್ದೇ ಕೆರೆ. ಇದರ ದಾಖಲೆ ಬಹಳ ಹಳೆಯದು. ಕದಂಬ ಮಯೂರಶರ್ಮನ 4ನೆಯ ಶತಮಾನದ ಚಂದ್ರವಳ್ಳಿ ಶಾಸನ ಹೇಳುವುದು ಕೆರೆಯ ಕೆಲಸವನ್ನು. 5ನೆಯ ಶತಮಾನದ ತಾಳಗುಂದದ ಸ್ತಂಭ ಶಾಸನವೂ ಕಾಕುಸ್ಥವರ್ಮ ತೋಡಿಸಿದ ಕೆರೆಯನ್ನು ನೆನೆಯುತ್ತದೆ.

ಕಟ್ಟುವವರಿಗೆ ಪುಣ್ಯದ ಆಸೆಯಿತ್ತು. ಸಪ್ತಸಂತಾನಗಳಲ್ಲಿ ಕೆರೆಯೂ ಒಂದು; ಕೆರೆ ಕಟ್ಟಿಸಿದರೆ ಮಗನನ್ನು ಹೆತ್ತಷ್ಟೇ ಸಾರ್ಥಕ ಎಂಬ ನಂಬಿಕೆಯಿತ್ತು. ಅರಸರಷ್ಟೇ ಅಲ್ಲ, ಅಧಿಕಾರಿಗಳು, ವರ್ತಕರು, ಹೆಂಗಸರು ಕೂಡ ಕೆರೆ ಕಟ್ಟಿಸಿದ್ದಾರೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಂದು ಕೈಪಿಡಿಯಂತಿದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆ ಎಂಬ ಲೆಕ್ಕದ ಜೊತೆಗೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು ದೋಷ, ಚೌಳು ಮಣ್ಣು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷ. ಜಗಳದ ನೆಲದಲ್ಲಿ ಕೆರೆ ಉಳಿಯದೆಂಬುದು ಅವರಿಗೆ ಗೊತ್ತಿತ್ತು.

ಆದರೆ ಕಟ್ಟುವುದು ಒಂದು ಸಲದ ಕೆಲಸ. ಪ್ರತಿ ಮಳೆಗೂ ಹೂಳು ಬರುತ್ತದೆ, ಏರಿ ಸವೆಯುತ್ತದೆ, ತೂಬು ಸಡಿಲಗೊಳ್ಳುತ್ತದೆ. ಕೆರೆಗಳನ್ನು ಶತಮಾನಗಳ ಕಾಲ ಉಳಿಸಿದ್ದು ಕಟ್ಟಿದವನ ಹೆಸರಲ್ಲ, ಊರಿನ ಏರ್ಪಾಡು. ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಭೂಮಿಯೋ ಬೆಳೆಯ ಪಾಲೋ ಸಿಗುತ್ತಿತ್ತು. ಹೂಳು ಹೊರುವ ಬಂಡಿಗೆ, ಅದರ ಆಳಿಗೆ ಬಿಟ್ಟ ದತ್ತಿಗಳೂ ಶಾಸನಗಳಲ್ಲಿವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ.

ನೀರು ಹಂಚುವವನು ನೀರುಗಂಟಿ. ಕೆರೆಯೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಗಲ್ಲು, ಕೆಳಗೆ ಬಿರಡೆ ಹಾಕಿದ ಕಂಡಿ: ಇದು ತೂಬು. ಅಗತ್ಯಬಿದ್ದಾಗ ನೀರುಗಂಟಿ ಈಜಿಹೋಗಿ ಅದನ್ನು ಎತ್ತುತ್ತಿದ್ದ, ಮುಚ್ಚುತ್ತಿದ್ದ. ಗದ್ದೆಯಿಂದ ಗದ್ದೆಗೆ ಸರದಿ ನೋಡುತ್ತಿದ್ದ. ಸುಗ್ಗಿಯಲ್ಲಿ ಕಣದಿಂದಲೇ ಅವನ ಆಯ ಸಲ್ಲುತ್ತಿತ್ತು. ಮಳೆ ಕೈಕೊಟ್ಟ ವರ್ಷ ಊರವರು ಸೇರಿ, ಇದ್ದ ನೀರಿಗೆ ಎಷ್ಟು ಅಚ್ಚುಕಟ್ಟು ನಾಟಿ ಮಾಡಬಹುದೆಂದು ತೀರ್ಮಾನಿಸುತ್ತಿದ್ದರು.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಕತ್ತಲನ್ನೂ ಹೇಳಬೇಕು. ನೀರುಗಂಟಿಗಳಲ್ಲಿ ಬಹುಮಂದಿ ದಲಿತರು. ಊರಿಗೆಲ್ಲ ನೀರು ಹರಿಸಿದವನಿಗೆ ಊರ ಬಾವಿಯನ್ನು ಮುಟ್ಟುವ ಹಕ್ಕಿರಲಿಲ್ಲ. 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯ ಭಾಗೀರಥಿ, ನೀರು ನಿಲ್ಲದ ಕೆರೆಗೆ ಬಲಿಯಾದ ಮನೆಯ ಸೊಸೆ. ಊರಿನ ಒಳಿತಿಗೆ ಬೆಲೆ ತೆತ್ತವರು ಯಾರು ಎಂಬುದನ್ನು ಆ ಹಾಡು ಮರೆಯಲು ಬಿಡುವುದಿಲ್ಲ.

1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಸೀಮೆಯ ಶೇ. 60ರಷ್ಟು ನೆಲ ಕೆರೆಗಳ ವ್ಯಾಪ್ತಿಗೆ ಬಂದಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಬರೆದ. ಒಂದು ಕೆರೆಯ ಕೋಡಿ ಹರಿದು ಮುಂದಿನದನ್ನು ತುಂಬುವ ಸರಮಾಲೆ ಅವನ ಕಣ್ಣ ಮುಂದಿತ್ತು. ಅದೇ ಕಾಲದಲ್ಲಿ ಉಸ್ತುವಾರಿ ಇಲಾಖೆಯ ಕೈಗೆ ಸರಿಯತೊಡಗಿತು. ಕೆರೆ ಸರ್ಕಾರದ್ದು ಎಂದಾದ ಮೇಲೆ ಊರಿನವರ ಕೈ ಹಿಂದಕ್ಕೆ ಹೋಯಿತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗಾಗಿ ಕಾನೂನು ಮಾಡಿದರೂ ಹಳೆಯ ಹೊಣೆ ಮರಳಲಿಲ್ಲ. ಆಮೇಲೆ ಕೊಳವೆಬಾವಿ ಬಂತು. ತನ್ನ ಹೊಲದಲ್ಲೇ ನೀರು ಸಿಕ್ಕವನಿಗೆ ಕೆರೆಯ ಹಂಗು ತಪ್ಪಿತು. ಅಂತರ್ಜಲಕ್ಕೆ ಮರುಪೂರಣ ಆಗುತ್ತಿದ್ದುದು ಆ ಕೆರೆಯಿಂದಲೇ ಎಂಬುದು ಬಾವಿಗಳು ಬತ್ತಿದ ಮೇಲೆ ತಿಳಿಯಿತು. ಜನರ ಸಂಘಗಳಿಗೆ ಕೆರೆ ಒಪ್ಪಿಸುವ ಯೋಜನೆ 2000ದ ನಂತರ ಶುರುವಾಯಿತು. ಕೆರೆ ಸಂರಕ್ಷಣೆಗೆಂದೇ ಪ್ರಾಧಿಕಾರ ರಚಿಸುವ ಕಾಯ್ದೆ ಬಂದದ್ದು 2014ರಲ್ಲಿ.

ಬೆಂಗಳೂರಿನಲ್ಲಿ ಈ ಕಥೆ ಬೇಗ ಮುಗಿಯಿತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದಮೇಲೆ ಪೇಟೆಯ ಕೆರೆಗಳು ಬೇಡವಾದವು. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಆ ಕೆರೆಯ ಒಂದು ಸಣ್ಣ ಹೊಂಡ ಮಾತ್ರ ಇಂದಿಗೂ ಉಳಿದಿದೆ, ಕರಗದ ಆಚರಣೆಗೆ ಅದರ ನೀರು ಬೇಕು ಎಂಬ ಕಾರಣಕ್ಕೆ.