ತಪ್ಪಿದ ಪಟ್ಟಿ, ಉಳಿದ ಹೆಸರು



ನಿಮ್ಮ ಮಕ್ಕಳ ಗಣಿತ ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠವನ್ನು ಕಂಡಿರುವಿರಿ. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ 2, 3, 5, 7ರಂತಹ ಸಂಖ್ಯೆಗಳಿವು. ಸಂಖ್ಯೆ ಚಿಕ್ಕದಾದರೆ ಪರೀಕ್ಷೆ ಸುಲಭ. ಬೆಳೆದಂತೆ ಅದೊಂದು ತಪಸ್ಸು. ಆ ತಪಸ್ಸಿನ ಚರಿತ್ರೆಯಲ್ಲಿ ಇಬ್ಬರು ಧರ್ಮಗುರುಗಳಿಗೂ ಸ್ಥಾನವಿದೆ.

ಮೊದಲನೆಯವರು ಫ್ರಾನ್ಸಿನ ಮಾರಿನ್ ಮೆರ್ಸೆನ್ (1588–1648), ಮಿನಿಮ್ ಸಭೆಯ ಸನ್ಯಾಸಿ. ಪ್ಯಾರಿಸಿನ ಮಠದಲ್ಲಿದ್ದುಕೊಂಡೇ ದೆಕಾರ್ತ್, ಫರ್ಮಾ ಮೊದಲಾದ ವಿದ್ವಾಂಸರೊಡನೆ ಪತ್ರವ್ಯವಹಾರ ನಡೆಸಿ, ಒಬ್ಬರ ವಿಚಾರವನ್ನು ಇನ್ನೊಬ್ಬರಿಗೆ ತಲುಪಿಸುತ್ತಿದ್ದರು. ಒಂದು ಬಗೆಯ ಸಂಖ್ಯೆಗಳು ಅವರ ಮನಸ್ಸನ್ನು ಸೆಳೆದವು. ಮೂರು ಎರಡುಗಳನ್ನು ಗುಣಿಸಿ ಒಂದನ್ನು ಕಳೆಯಿರಿ: 7. ಐದು ಎರಡುಗಳಿಂದ 31, ಏಳರಿಂದ 127. ಎಲ್ಲವೂ ಅವಿಭಾಜ್ಯ. ಆದರೆ ಹನ್ನೊಂದು ಎರಡುಗಳಿಂದ ದೊರೆಯುವ 2047 ಹಾಗಲ್ಲ. ಅದು 23 ಮತ್ತು 89ರ ಗುಣಲಬ್ಧ.

ಹಾಗಾದರೆ ಎಷ್ಟು ಎರಡುಗಳಿಂದ ಅವಿಭಾಜ್ಯ ದೊರೆಯುತ್ತದೆ? 1644ರಲ್ಲಿ ಮೆರ್ಸೆನ್ 257ರವರೆಗಿನ ಪಟ್ಟಿಯೊಂದನ್ನು ಪ್ರಕಟಿಸಿದರು. 15 ಅಥವಾ 20 ಅಂಕಿಗಳ ಸಂಖ್ಯೆಯೊಂದನ್ನು ಪರೀಕ್ಷಿಸಲು ಕಾಲವೆಲ್ಲವೂ ಸಾಲದೆಂದು ಅವರೇ ಒಪ್ಪಿಕೊಂಡಿದ್ದರು.

ಪಟ್ಟಿಯಲ್ಲಿದ್ದ 31 ಸರಿಯೆಂದು 1772ರಲ್ಲಿ ಆಯ್ಲರ್ ಸಾಧಿಸಿದರು. ಮುಂದೆ, ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆರಂಭವಾದ 1880ರಿಂದ ಮೂರೇ ವರ್ಷಗಳ ಬಳಿಕ, ರಷ್ಯಾದ ಹಳ್ಳಿಯೊಂದರ ಆರ್ಥೊಡಾಕ್ಸ್ ಗುರು ಇವಾನ್ ಪೆರ್ವುಶಿನ್ ಪಟ್ಟಿಯಲ್ಲಿಲ್ಲದ 61ನ್ನು ಎತ್ತಿ ತೋರಿಸಿದರು. 61 ಎರಡುಗಳಿಂದ ದೊರೆಯುವ 2305843009213693951 ಅವಿಭಾಜ್ಯವೆಂದು ಅವರು ಸಾಧಿಸಿದರು. ಎಣಿಸಿ ನೋಡಿ, 19 ಅಂಕಿಗಳು! ಕಾಲವೆಲ್ಲವೂ ಸಾಲದೆಂದ ಕೆಲಸವನ್ನು, ಗಣಕಯಂತ್ರಗಳಿಲ್ಲದ ಕಾಲದಲ್ಲಿ, ಹಳ್ಳಿಯ ಗುರುವೊಬ್ಬರು ಮುಗಿಸಿದ್ದರು.

ಪಟ್ಟಿಯಲ್ಲಿದ್ದ 67 ತಪ್ಪೆಂಬುದನ್ನು 1876ರಲ್ಲೇ ಲ್ಯೂಕಾ ತೋರಿಸಿದ್ದರು. ಆದರೆ ಆ ಸಂಖ್ಯೆಯ ಅಪವರ್ತನಗಳು ಯಾವುವೆಂದು ತಿಳಿದಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್ ಅವನ್ನು ಮುಂದಿಟ್ಟರು: 193707721 ಮತ್ತು 761838257287. ಪಟ್ಟಿಯ ಪರಿಶೀಲನೆ ಪೂರ್ಣಗೊಂಡಾಗ 67 ಮತ್ತು 257 ಸೇರಬಾರದಾಗಿತ್ತೆಂದೂ 61, 89, 107 ಬಿಟ್ಟುಹೋಗಿದ್ದವೆಂದೂ ಸ್ಪಷ್ಟವಾಯಿತು. ಒಟ್ಟು ಐದು ತಪ್ಪುಗಳು.

ಆದರೂ ಗಣಿತಜ್ಞರು ಆ ಸನ್ಯಾಸಿಯ ಹೆಸರನ್ನು ಅಳಿಸಲಿಲ್ಲ. 2024ರಲ್ಲಿ ಪತ್ತೆಯಾದ, ಅಂದಿನವರೆಗೆ ತಿಳಿದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯೂ ಇದೇ ಬಗೆಯದು. 13,62,79,841 ಎರಡುಗಳನ್ನು ಗುಣಿಸಿ ಒಂದನ್ನು ಕಳೆದಾಗ ಬರುವ ಅದರಲ್ಲಿ 4,10,24,320 ಅಂಕಿಗಳಿವೆ. ಅದನ್ನೂ ಮೆರ್ಸೆನ್ ಅವಿಭಾಜ್ಯವೆಂದೇ ಕರೆಯುತ್ತಾರೆ. ತಿದ್ದಿದವರು ಅವರನ್ನು ಹಳಿಯಲಿಲ್ಲ. ಅವರು ಎತ್ತಿದ ಪ್ರಶ್ನೆಯನ್ನು ಮುಂದಕ್ಕೊಯ್ದರು.

ನಮ್ಮ ಮನೆಗಳಲ್ಲಿ ನಾವು ಹಾಗೆ ಮಾಡುತ್ತೇವೆಯೇ? ಮಗು ತಪ್ಪು ಉತ್ತರ ಬರೆದು ತಂದ ಸಂಜೆ ಗದರಿಸುವ ಮುನ್ನ ಅದರ ಬಳಿ ಕುಳಿತು, ಲೆಕ್ಕವನ್ನು ಮೊದಲಿನಿಂದ ಒಟ್ಟಿಗೆ ಮಾಡೋಣ. ತಿದ್ದಿಸಿಕೊಳ್ಳುವುದು ಅವಮಾನವಲ್ಲವೆಂಬುದನ್ನು ಮಗು ಕಲಿಯಬೇಕಾದುದು ಮೊದಲು ನಮ್ಮಿಂದಲೇ ಅಲ್ಲವೇ?